ಬೀರಮ್ಮ ಮೀಸಿದ ಕೊನೆಯ ಕೂಸು

ಶೆಟಗೇರಿಯಲ್ಲಿ ಇವತ್ತು ಬೈಕು ಹಾರಿಸಿಕೊಂಡು ಹೋಗುವ ಹುಡುಗರಲ್ಲಿ ಅರ್ಧದಷ್ಟು ಜನ ಒಂದು ಕಾಲಕ್ಕೆ ಬೀರಮ್ಮನ ಕಾಲ ಮೇಲೆ ಬೋರಲು ಬಿದ್ದು ಕಿರುಚಿದವರೇ. ಬಾಣಂತಿಗೆ ಎಣ್ಣೆ ತಿಕ್ಕುವುದು, ಕೂಸು ಮೀಸುವುದು ಅವಳ ಕೆಲಸ. ಬಚ್ಚಲಲ್ಲಿ ಕಾಲು ನೀಡಿ ಕೂತಳೆಂದರೆ ಹೆತ್ತವಳಿಗೂ ಬಾಯಿ ಹಾಕುವ ಅಧಿಕಾರವಿಲ್ಲ. ಎಂಥ ರಚ್ಚೆಯ ಕೂಸೂ ಅವಳ ಕೈಯಲ್ಲಿ ಮಿಂದ ಮೇಲೆ ಮೂರು ತಾಸು ನಿದ್ದೆ ಹೊಡೆಯುತ್ತಿತ್ತು. ಆ ಜಂಬ ಅವಳಿಗೆ ಸ್ವಲ್ಪ ಹೆಚ್ಚೇ ಇತ್ತು. ಇರಲಿ ಬಿಡಿ, ಅವಳಿಗೆ ಇದ್ದದ್ದಾದರೂ ಅದೊಂದೇ.

ಹೋದ ಬೇಸಿಗೆಯಲ್ಲಿ ದೇವಿದಾಸನ ಮಗಳು ನಿಶಾ ಬಾಣಂತನಕ್ಕೆ ತವರಿಗೆ ಬಂದಳು. ಹೊಸ ಮನೆ. ತಾರಸಿಯ ಮೇಲೆ ಸೋಲಾರ್ ಟ್ಯಾಂಕು. ಬಚ್ಚಲಲ್ಲಿ ಹಂಡೆಯೂ ಇಲ್ಲ, ಒಲೆಯೂ ಇಲ್ಲ.

"ಬೆಂಕಿ ಇಲ್ದೇ ನೀರು ಕಾಯ್ತದೇನೋ ದೇವಿದಾಸ?"

"ಸೂರ್ಯ ಪುಕ್ಕಟೆ ಕಾಯ್ಸಿ ಕೊಡ್ತಾನೆ ಅಕ್ಕ. ನೀ ನಲ್ಲಿ ತಿರುಗ್ಸು, ಸಾಕು."

ಬೀರಮ್ಮ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನಲ್ಲಿ ತಿರುಗಿಸಿದಳು. ಪ್ಲಾಸ್ಟಿಕ್ ಮಗ್ಗಿಗೆ ಬಂದ ನೀರಿಗೆ ಮೊಣಕೈ ಅದ್ದಿ ನೋಡಿದಳು. ಹದವಾಗಿತ್ತು, ತಣ್ಣೀರು ಬೆರೆಸುವ ಪ್ರಮೇಯವೇ ಇರಲಿಲ್ಲ. ಒಂದು ಮಗ್ಗು ಹೊಯ್ದಳು, ಎರಡು ಹೊಯ್ದಳು. ನಲವತ್ತು ವರ್ಷ ಅವಳು ಬಳಸಿದ್ದು ಹಂಡೆಯ ನೀರು. ಅದನ್ನು ಒಮ್ಮೆ ಹದ ನೋಡಿದರೆ ಕೊನೆಯ ತಂಬಿಗೆಯವರೆಗೂ ಅದೇ ಬಿಸಿ. ಈ ನಲ್ಲಿಯಲ್ಲಿ ಮೊದಲು ಬಂದದ್ದು ಪೈಪಿನಲ್ಲಿ ನಿಂತಿದ್ದ ನೀರು, ಟ್ಯಾಂಕಿನದು ಅದರ ಹಿಂದೆ ಬರುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು? ನಾಲ್ಕನೆಯ ಮಗ್ಗು ಕುದಿನೀರು. ಅದನ್ನು ಕೂಸಿನ ತೊಡೆಯ ಮೇಲೆ ಹೊಯ್ದುಬಿಟ್ಟಳು.

ಕೂಸು ಕಾರವಾರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇತ್ತು. ದೇವರು ದೊಡ್ಡವನು, ಉಳಿಯಿತು. ತೊಡೆಯ ಮೇಲೆ ಅಂಗೈಯಗಲ ಕಲೆಯೂ ಉಳಿಯಿತು. ಕೂಸಿನ ಕೆಳಗಿದ್ದ ಬೀರಮ್ಮನ ಕಾಲೂ ಬೊಬ್ಬೆ ಎದ್ದಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ, ಮದ್ದೂ ಹಚ್ಚಲಿಲ್ಲ.

"ತಪ್ಪು ನಮ್ಮದೇ ಅಕ್ಕ. ನಾನೇ ಹೇಳ್ಬೇಕಾಗಿತ್ತು," ಎಂದ ದೇವಿದಾಸ. ಅವನು ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೋ ಏನೋ. ಆಮೇಲೆ ಎರಡು ಮನೆಯವರು ಕರೆಯಲು ಬಂದರು. ಬೀರಮ್ಮ ಸೊಂಟನೋವಿನ ನೆಪ ಹೇಳಿ ಕಳಿಸಿದಳು.

ಈ ವರ್ಷ ಅವಳ ಮಗಳು ದೀಪಾಲಿಯೇ ಹೆರಿಗೆಗೆ ಬಂದಳು. ಹೆಣ್ಣು ಕೂಸು. ಮನೆಯಲ್ಲಿ ಹಂಡೆ ಇದೆ, ಒಲೆ ಇದೆ. ಇದಾದರೂ ತನ್ನ ಕೈಯಲ್ಲಿ ಮಿಂದೀತು ಎಂದು ಬೀರಮ್ಮ ಒಂಬತ್ತು ತಿಂಗಳು ಕಾದಿದ್ದಳು. ಸೀರೆ ಎತ್ತಿಕಟ್ಟಿ ಕೂತಳು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ನೀರಿನ ಹದ ನೋಡಿದಳು. ತಣ್ಣೀರು ಬೆರೆಸಿದಳು. ಮತ್ತೆ ನೋಡಿದಳು, ಮತ್ತೆ ಬೆರೆಸಿದಳು.

"ಆಯೀ, ನೀರು ಪೂರಾ ತಣ್ಣಗಾಯ್ತಲ್ಲೇ!" ಎಂದಳು ದೀಪಾಲಿ.

"ತಣ್ಣಗದೆಯೇನೇ? ನಂಗೆ ಸುಡ್ತೇ ಇದೆ."

ಬೀರಮ್ಮ ಮತ್ತೊಮ್ಮೆ ನೀರಿಗೆ ಮೊಣಕೈ ಅದ್ದಿದಳು. ಚಳಿಗೆ ಮುದುಡಿದ ಮೊಮ್ಮಗಳನ್ನು ಎತ್ತಿ ಮಗಳ ಕೈಗಿಟ್ಟಳು.

"ನಿನ್ನ ಕೂಸು ನೀನೇ ಮೀಸು ಮಗಾ. ನಂಗೆ ಗೊತ್ತಾಗೂದಿಲ್ಲ."

ದೀಪಾಲಿಗೆ ಕೂಸು ಹಿಡಿಯಲು ಬಾರದು. ಅದು ಮೈಯೆಲ್ಲ ಕೆಂಪಾಗಿಸಿಕೊಂಡು ಕಿರುಚಿತು. ಬೀರಮ್ಮ ಬಚ್ಚಲ ಹೊರಗೆ ನಿಂತು, ಕುತ್ತಿಗೆ ಹೀಗೆ ಹಿಡಿ, ಕಿವಿಗೆ ನೀರು ಹೋಗದ ಹಾಗೆ ನೋಡು ಎಂದು ಹೇಳಿಕೊಡುತ್ತಲೇ ಇದ್ದಳು. ಒಳಗೆ ಕಾಲಿಡಲಿಲ್ಲ.