ಹಗ್ಗದ ಗಂಟು

ಬಂಡೆಯ ನೆತ್ತಿ ಇಲ್ಲಿಂದ ಮುಂದೆ ಗೋಡೆಯಷ್ಟೇ ಅಗಲ. ಎರಡೂ ಕಡೆ ಮಂಜು, ಅದರಡಿ ಎಲ್ಲೋ ಮೈಸೂರು. ನಮ್ಮ ಗೈಡ್, ಹಿನಕಲ್ಲಿನ ಐವತ್ತರ ಹೆಂಗಸು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನನ್ನೆದುರು ನಿಂತರು.

"ನನ್ನ ಗಂಟು ಸರಿಯಾಗಿದ್ಯಾ ನೋಡಮ್ಮ."

ಆ ಗಂಟನ್ನು ಬೆಳಿಗ್ಗೆಯಷ್ಟೇ ಅವರಿಂದ ಕಲಿತವಳು ನಾನು. ಸಂಕೋಚವಾಯಿತು. "ನಿಮ್ಮದನ್ನ ನಾನೇನು ನೋಡೋದು, ಬಿಡಿ ಮೇಡಂ" ಎಂದೆ.

ಅವರು ನಗಲಿಲ್ಲ.

"ನನಗೆ ಹತ್ತೋದು ಕಲಿಸಿದ ಮೇಷ್ಟ್ರಿಗೆ ನಾನೂ ಇಂಗೇ ಅಂದ್ಬುಟ್ಟೆ ಕಣಮ್ಮ, ಇದೇ ಜಾಗದಲ್ಲಿ. ದೊಡ್ಡವರ ಗಂಟು ಪರೀಕ್ಷೆ ಮಾಡೋದು ಮರ್ಯಾದೆ ಅಲ್ಲ ಅಂದ್ಕೊಂಡೆ. ಅವತ್ತು ಅವರು ಅರ್ಧ ಗಂಟು ಹಾಕಿ ಮರೆತಿದ್ರು. ಹಗ್ಗ ಮಾತ್ರ ನನ್ನ ಕೈಲಿ ಉಳೀತು."

ನಾನು ಬಗ್ಗಿ, ಒಂದೊಂದು ಸುತ್ತನ್ನೂ ಬೆರಳಿಂದ ಮುಟ್ಟಿ ನೋಡಿ, ಸರಿಯಿದೆ ಎಂದೆ.

"ಇನ್ನೊಂದ್ಸಲ ನೋಡಮ್ಮ" ಎಂದರು.