ಲಗ್ನಪತ್ರಿಕೆ ಹಂಚಿ ಪಳಗಿಸಿದ ಇಂಜಿನ್

ನನಗೆ ಬೇಕಾಗಿದ್ದದ್ದು ಒಂದೇ ಒಂದು ಸುತ್ತು, ಪೂರ್ತಿ ವೇಗದಲ್ಲಿ. ಮದರಾಸಿನ ಹೊರಗೆ, ವಿಮಾನಗಳು ಬರುವುದನ್ನು ಬಿಟ್ಟಿದ್ದ ಹಳೆಯ ರನ್‌ವೇ ಒಂದರ ಮೇಲೆ ಟಾರಿನ ಡ್ರಮ್ಮು, ಹುಲ್ಲಿನ ಕಂತೆ ಇಟ್ಟು ತಿರುವು ಮಾಡಿ, ಆಸೆಯಿದ್ದವರೆಲ್ಲ ತಂತಮ್ಮ ಮೋಟಾರ್ ಬೈಕು ತಂದು ಓಡಿಸಬಹುದಾದ ದಿನವೊಂದನ್ನು ಕೆಲವರು ಏರ್ಪಡಿಸುತ್ತಿದ್ದರು. ಎಂಬತ್ತರ ದಶಕದ ಕೊನೆಯ ಮಾತು. ಬಹುಮಾನವಿಲ್ಲ, ಹಾರವಿಲ್ಲ, ಬೀಳುವ ಸ್ವಾತಂತ್ರ್ಯ ಮಾತ್ರ ಧಾರಾಳ. ಮೊದಲ ವರ್ಷ ಹೋದಾಗ ಎರಡನೇ ತಿರುವಿಗೇ ನನ್ನ ಇಂಜಿನ್ ಹಿಡಿದುಕೊಂಡಿತು. ಹೊಸ ಪಿಸ್ಟನ್ ಹಾಕಿಸಿ, ಅದನ್ನು ಪಳಗಿಸದೆ ಒಂದೇ ಸಲಕ್ಕೆ ಆಕ್ಸಿಲೇಟರ್ ಪೂರ್ತಿ ತಿರುಗಿಸಿದ್ದೆ. ಬಿಸಿಗೆ ಹಿಗ್ಗಿದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡು ಕೂತಿತು. ಗಾಡಿ ತಳ್ಳಿಕೊಂಡು ಬರುವಾಗ ಜನ ಚಪ್ಪಾಳೆ ಹೊಡೆದರು. ಗೆದ್ದವರಿಗೂ ಅಷ್ಟು ಹೊಡೆಯಲಿಲ್ಲ ಎಂದು ನನ್ನ ಡೈರಿಯಲ್ಲಿದೆ. ಬಹುಮಾನವೇ ಇಲ್ಲದ ಕಡೆ ಗೆದ್ದವರು ಯಾರು ಎಂದು ಈಗ ಓದುವಾಗ ಅನುಮಾನ. ನನ್ನ ಡೈರಿಯೇ ಹಾಗೆ, ನಡೆದದ್ದಕ್ಕಿಂತ ಚೆನ್ನಾಗಿರುವುದನ್ನು ಬರೆದುಕೊಳ್ಳುತ್ತದೆ.

ಮರುವರ್ಷಕ್ಕೆ ಸರಿಯಾಗಿ ತಯಾರಾಗಬೇಕೆಂದು ನಮ್ಮೂರು ಹಿಂದೂಪುರದಲ್ಲಿ ಸಿಲಿಂಡರಿಗೆ ಬೋರ್ ಹೊಡೆಸಿ, ಅಂದರೆ ಒಳಗೋಡೆಯ ಗೀರು ಕೊರೆಸಿ, ಮತ್ತೆ ಹೊಸ ಪಿಸ್ಟನ್ ಹಾಕಿಸಿದೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ: "ಸಾವಿರ ಕಿಲೋಮೀಟ್ರು ಮುಗಿಯೋ ತಂಕ ನಲವತ್ ದಾಟ್ಕೂಡ್ದು ಸಾರ್. ಹಿಂದ್ಗಡೆ ಯಾರಾದ್ರೂ ಕೂತ್ರೆ ಮೂವತ್ತು. ದಾಟಿದ್ರೆ ಮತ್ತೆ ನನ್ತಾವ್ಕೇ ಬತ್ತೀರ."

"ಹಿಂದೆ ಕೂರುವವರು ಭಾರ ಇದ್ದರೆ?"

"ಎಷ್ಟು ಭಾರ?"

"ನಮ್ಮತ್ತೆ. ಇವತ್ತಿನವರೆಗೂ ಯಾರೂ ಕೇಳಿ ನೋಡಿಲ್ಲ."

"ಹಂಗಾರೆ ದೇವರ ಮೇಲೆ ಭಾರ ಹಾಕಿ," ಎಂದ.

ಗಾಡಿಯ ತಯಾರಿ ಹೀಗಾದರೆ ನನ್ನ ತಯಾರಿ ಬೇರೆ. ಹಾಸ್ಟೆಲಿನಲ್ಲಿ ನನ್ನ ಜೊತೆ ಓದಿ, ಆಗ ಮದರಾಸಿನಲ್ಲಿ ಕೆಲಸದಲ್ಲಿದ್ದ ಗೆಳೆಯನ ಹತ್ತಿರ ಒಂದು ಚರ್ಮದ ಸೂಟಿತ್ತು. ಚರ್ಮದ ಸೂಟಿಲ್ಲದವರನ್ನು ಟ್ರ್ಯಾಕಿಗೆ ಬಿಡುತ್ತಿರಲಿಲ್ಲ. ಗಾಡಿ ನನ್ನದು, ಸೂಟು ಅವನದು, ಇಬ್ಬರೂ ಸರದಿಯ ಮೇಲೆ ಓಡಿಸುವುದೆಂದು ಒಪ್ಪಂದ. ಅವನು ಕಡ್ಡಿ. ಹಿಂದಿನ ವರ್ಷ ಆ ಸೂಟಿನ ಜಿಪ್ಪು ನನ್ನ ಮೇಲೆ ಕೂಡುವಾಗ ಒಂದು ಬೆರಳಿನ ಜಾಗವೂ ಉಳಿದಿರಲಿಲ್ಲ. "ಒಂದು ಕಿಲೋ ಏರಿದರೂ ನೀನು ಪ್ರೇಕ್ಷಕ," ಎಂದು ಎಚ್ಚರಿಸಿದ್ದ. ಅವನು ಹೇಳಿಕೊಟ್ಟಂತೆ ಮಾಳಿಗೆಯ ಮೇಲೆ ಹಗ್ಗ ಹಾರಿದೆ. ಕೆಳಗೆ ಸೀರೆ ನೇಯುವ ಮಗ್ಗದ ಮೇಲೆ ಮಣ್ಣು ಉದುರಿ ಅಪ್ಪ ಬೈದರು. ಕತ್ತು ಭಾರಕ್ಕೆ ಒಗ್ಗಲಿ ಎಂದು ಸದಾ ಹೆಲ್ಮೆಟ್ ಹಾಕಿಕೊಂಡೇ ತಿರುಗಿದೆ. ಅಂಗಳದಲ್ಲಿ ನಿಂತ ಗಾಡಿಯ ಮೇಲೆ ಟ್ಯಾಂಕಿಗೆ ಎದೆ ಒತ್ತಿ ಬಗ್ಗಿ ಕೂರುವುದನ್ನು ಅಭ್ಯಾಸ ಮಾಡುವಾಗ ಅಪ್ಪ ಸ್ವಲ್ಪ ಹೊತ್ತು ನೋಡಿ, "ಹೊಟ್ಟೆನೋವಿದ್ರೆ ಒಳಗೆ ಬಂದು ಮಲಕ್ಕೋ," ಎಂದರು.

ಅಷ್ಟರಲ್ಲಿ ತಂಗಿಯ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಹಂಚಬೇಕು. ನೆಂಟರು ಹೆಚ್ಚಾಗಿ ಕಲ್ಯಾಣದುರ್ಗದ ಕಡೆ. ನನಗೆ ಕಿಲೋಮೀಟರು ಬೇಕಿತ್ತು, ಮನೆಯವರಿಗೆ ಗಾಡಿ ಬೇಕಿತ್ತು. ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಇಲ್ಲ ಎಂದುಕೊಂಡೆ. ಅಪ್ಪನ ಅಕ್ಕ, ಅಂದರೆ ನಮ್ಮ ಸೋದರತ್ತೆ, ಕುಂಕುಮದ ಭರಣಿ ಹಿಡಿದುಕೊಂಡು ಹೊರಟೇಬಿಟ್ಟರು.

"ನಾನೂ ಬತ್ತೀನಿ ಕಣ್ಲಾ. ನೀನೊಬ್ನೇ ಹೋಗಿ ಪೋಸ್ಟ್‌ಮನ್ ತರ ಎಸ್ದು ಬಂದ್ಬುಟ್ರೆ ಮದ್ವೆಗೆ ಯಾರ್ ಬತ್ತಾರೆ?"

ಟ್ರ್ಯಾಕಿಗೆಂದು ಬಿಚ್ಚಿಟ್ಟಿದ್ದ ಸೀರೆ ಗಾರ್ಡು, ಕ್ಯಾರಿಯರು, ಹಿಂದಿನ ಕಾಲಿಡುವ ಕಡ್ಡಿ ಎಲ್ಲವನ್ನೂ ಮತ್ತೆ ಹಾಕಿದೆ. ಅತ್ತೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತರು. ಗಾಡಿ ಆ ಪಕ್ಕಕ್ಕೆ ವಾಲಿತು, ನಾನು ಈ ಪಕ್ಕಕ್ಕೆ ವಾಲಿದೆ. ಸೋಮಂದೇಪಲ್ಲಿ ದಾಟುವಷ್ಟರಲ್ಲಿ ಅತ್ತೆಗೆ ಬೇಸರ ಬಂದಿತ್ತು.

"ಏನ್ಲಾ, ಎತ್ತಿನ್ ಗಾಡಿ ತರ ಹೋಯ್ತಾ ಐತೆ?"

"ಇಂಜಿನ್ ಹೊಸದು ಕಣತ್ತೆ, ಜೋರಾಗಿ ಓಡಿಸಂಗಿಲ್ಲ."

"ಓಡ್ಸಂಗಿಲ್ದಿದ್ ಮೇಲೆ ರೇಸ್‌ಗ್ಯಾಕ್ ಹೋಯ್ತೀಯ?"

"ಜೋರಾಗಿ ಓಡಿಸಕ್ಕೇ ಈಗ ಮೆಲ್ಲಗೆ ಓಡಿಸ್ತಿರೋದು."

ಅತ್ತೆ ಭರಣಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಎಂಎ ಓದಿದ್ದು ಇದಕ್ಕೇನಾ?" ಎಂದರು.

ಪತ್ರಿಕೆ ಹಂಚುವ ದಾರಿ ರಸ್ತೆಯ ಲೆಕ್ಕದಲ್ಲಿ ನಡೆಯುವುದಿಲ್ಲ, ಹಿರಿತನದ ಲೆಕ್ಕದಲ್ಲಿ ನಡೆಯುತ್ತದೆ ಎಂಬುದು ನನಗೆ ಗೊತ್ತಾದದ್ದು ಕಲ್ಯಾಣದುರ್ಗ ಹತ್ತಿರವಾದಾಗ. ನಾವು ಬರುವ ದಾರಿಯಲ್ಲಿ, ಊರಿನ ಬಾಯಲ್ಲೇ, ಅತ್ತೆಯ ಚಿಕ್ಕಪ್ಪನ ಮಗನ ಮನೆ. ನನಗೆ ಅವರು ಚಿಕ್ಕಪ್ಪ ಆಗಬೇಕು, ಸೀರೆ ವ್ಯಾಪಾರಿ. ಆದರೆ ಅವರ ಅಣ್ಣ ಇರುವುದು ಬ್ರಹ್ಮಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ. ಅಣ್ಣನಿಗೆ ಕೊಡದೆ ತಮ್ಮನಿಗೆ ಕೊಡುವ ಹಾಗಿಲ್ಲ. ಹಾಗೆಂದು ತಮ್ಮನ ಬಾಗಿಲ ಮುಂದೆಯೇ ಹಾದು, ನಿಲ್ಲದೆ ಹೋದದ್ದು ತಮ್ಮನಿಗೆ ಕಂಡರೂ ತಪ್ಪು. ಅಣ್ಣನ ಹಳ್ಳಿಗೆ ಹೋಗಲು ಇದ್ದದ್ದು ಆ ಒಂದೇ ದಾರಿ.

"ನಿಲ್ಸು," ಎಂದರು ಅತ್ತೆ. "ನಿನ್ನ ತಲೆ ಮೇಲಿರೋ ಆ ಬೋಗುಣಿ ಕೊಡು."

ಹೆಲ್ಮೆಟ್ ಹಾಕಿಕೊಂಡರು. ಮುಡಿದ ಹೂವು ಒಳಗೆ ಸೇರಲಿಲ್ಲ; ಹಿಂದೆ ಬಾಲದ ಹಾಗೆ ಇಳಿಬಿದ್ದಿತ್ತು. ಮುಖದ ಗಾಜು ಇಳಿಸಿಕೊಂಡು, "ಈಗ ಹೋಗು. ಯಾರಿಗೂ ಗೊತ್ತಾಗಲ್ಲ," ಎಂದರು.

ಕಲ್ಯಾಣದುರ್ಗದಲ್ಲಿ ಗಂಡಸರೇ ಹೆಲ್ಮೆಟ್ ಹಾಕದಿದ್ದ ಕಾಲ. ರೇಷ್ಮೆ ಸೀರೆ ಉಟ್ಟು, ಕುಂಕುಮದ ಭರಣಿ ಹಿಡಿದು, ಹೆಲ್ಮೆಟ್ ಹಾಕಿದ ಹೆಂಗಸು ಮೂವತ್ತರ ವೇಗದಲ್ಲಿ ಮೆರವಣಿಗೆ ಬಂದಂತೆ ಬರುತ್ತಿದ್ದರೆ ಯಾರು ತಾನೇ ನೋಡುವುದಿಲ್ಲ? ಟೀ ಅಂಗಡಿಯವರು ಎದ್ದು ನಿಂತರು. ಜೀಪಿನ ಮೇಲೆ ಮೂಟೆ ಕಟ್ಟುತ್ತಿದ್ದವನು ಹಗ್ಗ ಬಿಟ್ಟ. ಜಗಲಿಯ ಮೇಲಿದ್ದ ಚಿಕ್ಕಪ್ಪನೂ ನೋಡಿದರು.

"ಅತ್ತೆ, ನೋಡಿಬಿಟ್ರು."

"ನಾನ್ಯಾರು ಅಂತ ಅವನಿಗೇನ್ ಗೊತ್ತು? ಜೋರಾಗಿ ಹೋಗ್ಲಾ!"

ಕೈ ತುರಿಸಿತು. ಒಂದು ಅರ್ಧ ಮೈಲಿ ಅರವತ್ತಕ್ಕೆ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಕಣ್ಣ ಮುಂದೆ ಹಿಂದಿನ ವರ್ಷದ ಪಿಸ್ಟನ್ನು ಬಂತು, ಮೈ ತುಂಬ ಗೀರು. ಮೂವತ್ತರಲ್ಲೇ ಹೋದೆ. ಹಿಂದಿನಿಂದ ಮೊಪೆಡ್ಡಿನ ಸದ್ದು ಕೇಳಿಸಿತು. ಹತ್ತಿರವಾಯಿತು. ಚಿಕ್ಕಪ್ಪ ಪಕ್ಕಕ್ಕೇ ಬಂದು ನಮ್ಮ ಸಮಕ್ಕೆ ಓಡಿಸುತ್ತ ಕೇಳಿದರು:

"ಅಕ್ಕಾ, ಅದ್ರೊಳಗಿಂದ ನಾನ್ ಕಾಣ್ತೀನಾ?"

"ಯಾರಪ್ಪ ನೀನು?" ಎಂದರು ಅತ್ತೆ, ಹೆಲ್ಮೆಟ್ಟಿನೊಳಗಿಂದ.

"ಮುಖ ಮುಚ್ಕೊಂಡ್ರೆ ಆಯ್ತಾ? ಆ ಅಂಚು ನಿಮ್ಮನೆ ಮಗ್ಗದ್ದು ಕಣಕ್ಕ. ಹತ್ತು ವರ್ಷದಿಂದ ಅದನ್ನೇ ಮಾರ್ಕೊಂಡು ಬದುಕ್ತಾ ಇವ್ನಿ."

ಅತ್ತೆ ಹೆಲ್ಮೆಟ್ ತೆಗೆದು ನನ್ನ ಬೆನ್ನಿಗೆ ಒಂದು ಕುಟ್ಟಿದರು.

ನನ್ನ ತಂಗಿ ಈ ಕಥೆಯನ್ನು ಒಪ್ಪುವುದಿಲ್ಲ. ಅತ್ತೆ ಹಾಕಿಕೊಂಡಿದ್ದು ಸೆರಗಿನ ಮುಸುಕು, ಹೆಲ್ಮೆಟ್ಟನ್ನು ನಾನು ವರ್ಷಗಳ ಮೇಲೆ ಸೇರಿಸಿದೆ ಎನ್ನುತ್ತಾಳೆ. ಅವಳು ಅಲ್ಲಿರಲಿಲ್ಲ. ಆದರೆ ಅಲ್ಲಿದ್ದವರ ನೆನಪೇ ಹೆಚ್ಚು ನಂಬಿಕೆಗೆ ಯೋಗ್ಯ ಎಂದು ನಾನೂ ಆಣೆ ಮಾಡಿ ಹೇಳಲಾರೆ. ಇಳಿಬಿದ್ದ ಹೂವು ಮಾತ್ರ ನನಗೆ ಇಂದಿಗೂ ಕಾಣುತ್ತದೆ.

"ನನಗೇನೂ ಬೇಜಾರಿಲ್ಲ, ದೊಡ್ಡೋರಿಗೆ ಕೊಟ್ಟು ಬನ್ನಿ," ಎಂದು ಚಿಕ್ಕಪ್ಪ ಮೊಪೆಡ್ ತಿರುಗಿಸಿದರು. ಬೇಜಾರು ಎಷ್ಟಿದೆಯೆಂದು ಅದರಲ್ಲೇ ಗೊತ್ತಾಯಿತು. ಹಳ್ಳಿಗೆ ಹೋಗಿ ಅಣ್ಣನ ಮನೆಯಲ್ಲಿ ಉಂಡು, ಸಂಜೆ ಇವರ ಮನೆಗೆ ಬಂದಾಗ ಚಿಕ್ಕಪ್ಪ ಪತ್ರಿಕೆಯನ್ನು ಕೈಯಲ್ಲಿ ಮುಟ್ಟಲಿಲ್ಲ. ಊಟಕ್ಕೆ ಎಲೆ ಮಾತ್ರ ಹಾಕಿಸಿದರು. ತೆಲುಗಿನ ಕಡೆಯಿಂದ ಬಂದಿದ್ದ ಚಿಕ್ಕಮ್ಮ ತುಪ್ಪ ಸುರಿದ ಒಬ್ಬಟ್ಟು ಹಿಡಿದು, "ಇಂಕೊಕಟಿ ವೇಸ್ಕೋ ನಾಯನಾ," ಎಂದರೆ ಮುಗಿಯಿತು, ಇನ್ನೊಂದು ಬಿದ್ದಂತೆಯೇ.

"ಬೇಡ ಚಿಕ್ಕಮ್ಮ, ತೂಕ ಏರಿದರೆ ರೇಸಿಗೆ..."

"ಹಳ್ಳಿಯಾಗೆ ಅಣ್ಣನ ಮನೇಲಿ ಎಷ್ಟು ತಿಂದೆ?" ಚಿಕ್ಕಪ್ಪ ಕೇಳಿದರು.

"ಮೂರು."

"ಅವ್ರ ಮನೇದು ತಿಂದ್ರೆ ತೂಕ ಏರಲ್ಲ, ನಮ್ಮನೇದ್ ತಿಂದ್ರೆ ಏರ್ತದಾ? ನಾಲ್ಕು ಹಾಕೇ ಇವನಿಗೆ."

ಪತ್ರಿಕೆ ತೆಗೆದುಕೊಳ್ಳುವವರೆಗೂ ಬಿಡಬಾರದೆಂದು ಅತ್ತೆ ತೀರ್ಮಾನಿಸಿದರು. ಭಾನುವಾರ ಬಂತೆಂದರೆ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಮೂವತ್ತರಲ್ಲಿ ಹೊರಡುವುದು. ಬೆಳಿಗ್ಗೆ ಮಂಡಕ್ಕಿಯ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ, ಮಧ್ಯಾಹ್ನ ಒಬ್ಬಟ್ಟು, ಹೊರಡುವಾಗ ಹುರಿದ ಕಡಲೆಕಾಯಿಯ ಗಂಟು. ಪತ್ರಿಕೆ ಕೈಗೆ ಹೋಗುತ್ತಿರಲಿಲ್ಲ. ನನ್ನ ಇಂಜಿನ್ನು ಮಾತ್ರ ವಾರದಿಂದ ವಾರಕ್ಕೆ ಮೆತ್ತಗಾಗುತ್ತಿತ್ತು, ನಾನೂ ಆಗುತ್ತಿದ್ದೆ. ಕೊನೆಗೊಂದು ಭಾನುವಾರ ಚಿಕ್ಕಪ್ಪ ಪತ್ರಿಕೆ ಇಸಿದುಕೊಂಡು, "ನೀವು ಇಷ್ಟು ಸಲ ಬಂದಿದ್ದು ಅಣ್ಣನಿಗೆ ಗೊತ್ತಾ?" ಎಂದು ಕೇಳಿದರು. ಗೊತ್ತೆಂದು ಅತ್ತೆ ಹೇಳಿದ ಮೇಲೆ ಮುಖ ಅರಳಿತು. ಆ ಹೊತ್ತಿಗೆ ಸಾವಿರ ಕಿಲೋಮೀಟರು ಮುಗಿದಿತ್ತು.

ಮದುವೆ ಮುಗಿದ ಮುಂದಿನ ವಾರ ಗಾಡಿಯಿಂದ ಅತ್ತೆಗೆ ಸೇರಿದ್ದನ್ನೆಲ್ಲ ಬಿಚ್ಚಿದೆ. ಬಿದ್ದರೆ ಚೂರು ಹರಡದಂತೆ ದೀಪದ ಗಾಜಿಗೆ ಟೇಪು ಅಂಟಿಸಿದೆ, ಎಣ್ಣೆಯ ಬೋಲ್ಟು ಸಡಿಲವಾಗದಂತೆ ತಂತಿ ಬಿಗಿದೆ, ಗೋಣಿ ಸುತ್ತಿ ರೈಲಿಗೆ ಪಾರ್ಸೆಲ್ ಹಾಕಿದೆ. ಮದರಾಸಿನಲ್ಲಿ ಗೆಳೆಯ ನನ್ನನ್ನು ನೋಡಿದವನೇ ಗಾಡಿಯ ಸುದ್ದಿ ಬಿಟ್ಟು ನನ್ನ ಸೊಂಟದ ಸುದ್ದಿಗೆ ಬಂದ. ಮೊದಲ ಸರದಿ ಅವನದು. ನಾನು ಹುಲ್ಲಿನ ಕಂತೆಯ ಹಿಂದೆ ನಿಂತಿದ್ದೆ. ಬೋರ್ ಹೊಡೆಸಿದ ಮೇಲೆ ನನ್ನದೇ ಇಂಜಿನ್ನು ನಲವತ್ತು ದಾಟಿದರೆ ಹೇಗೆ ಕೂಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ಸಲ ಕೇಳಿದ್ದು ಹೊರಗೆ ನಿಂತು, ಅದರ ಮೇಲೆ ಇನ್ನೊಬ್ಬ ಕೂತಿದ್ದಾಗ. ಮಗಳನ್ನು ಕೊಟ್ಟವರ ಹಾಗೆ ನಿಂತಿದ್ದೆ.

ನನ್ನ ಸರದಿ ಬಂತು. ಅವನ ಬೆವರಿನಲ್ಲಿ ನೆಂದ ಸೂಟು ತೊಡೆ ದಾಟಿತು, ಸೊಂಟ ದಾಟಿತು, ಹೊಕ್ಕುಳಲ್ಲಿ ಜಿಪ್ಪು ನಿಂತಿತು. ಸೂಟು, ಗಾಡಿ ನೋಡಿ ಟ್ರ್ಯಾಕಿಗೆ ಬಿಡುವ ಪರೀಕ್ಷಕ ಬಂದು, ಕತ್ತಿನವರೆಗೆ ಹಾಕದಿದ್ದರೆ ಬಿಡುವುದಿಲ್ಲವೆಂದ. ಗೆಳೆಯ ನನ್ನನ್ನು ಟಾರ್ಪಾಲಿನ ಮೇಲೆ ಮಲಗಿಸಿ, ಎದೆಯ ಮೇಲೆ ಮಂಡಿಯೂರಿ, ಇಕ್ಕಳದಲ್ಲಿ ಎಳೆದ.

"ಉಸಿರು ಬಿಡು. ಪೂರ್ತಿ ಬಿಡು. ಇನ್ನು ತಗೋಬೇಡ!"

ಕತ್ತಿನವರೆಗೆ ಬಂತು. ಇಬ್ಬರು ಹಿಡಿದು ನಿಲ್ಲಿಸಿದರು. ಗಾಡಿಯ ಮೇಲೆ ಗೂಟದ ಹಾಗೆ ನೆಟ್ಟಗೆ ಕೂತು ಹೊರಟೆ. ಬಗ್ಗಲು ಆಗುತ್ತಿರಲಿಲ್ಲ. ಬಗ್ಗದೆ ಜೋರಾಗಿ ಓಡಿಸುವ ಧೈರ್ಯವೂ ಇರಲಿಲ್ಲ. ಎರಡು ಸುತ್ತು ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು, ಒಬ್ಬ ಕೈ ಬೀಸಿಯೂ ಹೋದ. ನನ್ನ ಸರದಿ ಇನ್ನೇನು ಮುಗಿಯಬೇಕು. ಇಷ್ಟು ಒಬ್ಬಟ್ಟು ತಿಂದು ಪಳಗಿಸಿದ ಇಂಜಿನ್ನನ್ನು ಹೀಗೇ ವಾಪಸ್ ರೈಲು ಹತ್ತಿಸುವುದೇ ಎಂದು ನೇರ ದಾರಿಗೆ ಬಂದಾಗ ಸಿಟ್ಟು ಬಂತು. ಟ್ಯಾಂಕಿಗೆ ಎದೆ ಒತ್ತಿದೆ. ಕತ್ತಿನಿಂದ ಹೊಕ್ಕುಳವರೆಗೆ ಜಿಪ್ಪು ಪರ್ರನೆ ಬಿಚ್ಚಿಕೊಂಡಿತು. ಆಕ್ಸಿಲೇಟರ್ ಪೂರ್ತಿ ತಿರುಗಿಸಿದೆ.

ಪರೀಕ್ಷಕ ಕಪ್ಪು ಬಾವುಟ ಬೀಸಿದ. ಹಾಗೆಂದರೆ ತಕ್ಷಣ ಹೊರಗೆ ಬಾ ಎಂದು. ನಾನು ಅವನನ್ನು ದಾಟಿ ಇನ್ನೊಂದು ಸುತ್ತು ಹೋದೆ. ಬಾವುಟ ಕಂಡೂ ಹೋದೆ ಎನ್ನುತ್ತಾನೆ ಗೆಳೆಯ. ಕಾಣಲಿಲ್ಲ ಎಂದು ಡೈರಿಯಲ್ಲಿ ಬರೆದು ಅಡಿಗೆರೆಯನ್ನೂ ಹಾಕಿದ್ದೇನೆ. ಆ ಅಡಿಗೆರೆಯ ಮೇಲೆಯೇ ನನಗೆ ಈಗ ಗುಮಾನಿ. ಆ ಸುತ್ತಿನ ಡ್ರಮ್ಮುಗಳು, ತಿರುವುಗಳು, ದಾಟಿದ್ದು ಯಾರನ್ನು ಅಥವಾ ಯಾರನ್ನಾದರೂ ದಾಟಿದೆನೋ ಇಲ್ಲವೋ, ಯಾವುದೂ ನಿಚ್ಚಳವಾಗಿ ಉಳಿದಿಲ್ಲ. ಪಿಸ್ಟನ್ನು ಕಚ್ಚಲಿಲ್ಲ. ಬಿಚ್ಚಿದ ಸೂಟಿನೊಳಗೆ ಗಾಳಿ ನುಗ್ಗಿ ಹೊಟ್ಟೆಗೆ ತಣ್ಣಗೆ ಬಡಿಯುತ್ತಿತ್ತು. ಇದನ್ನು ಮಾತ್ರ ನಾನು ಡೈರಿಯಲ್ಲಿ ಬರೆದಿಟ್ಟಿರಲಿಲ್ಲ, ಯಾರೂ ನನಗೆ ಹೇಳಿಯೂ ಇಲ್ಲ, ಆದರೂ ನೆನಪಿದೆ.