ನಾಲ್ಕನೆಯ ಕಾಯಿ

ಅಂದು ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದ ಎರಡನೆಯ ಭಾನುವಾರ. ತಿಪಟೂರಿನ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಬಸ್ಸು ಹಿಡಿದು, ಹತ್ತೂವರೆಗೆಲ್ಲ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಟೈಲರು. ನನ್ನ ಹೆಂಡತಿ ಮೂರು ಮೈಲಿ ಆಚೆಯ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಒಂದು ತೋಟದ ಮನೆಯವರ ಹೊರಗಡೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ನಮ್ಮ ತಲೆಯ ಮೇಲೇ ಅವರ ಕೊಬ್ಬರಿ ಅಟ್ಟ.

ನಮ್ಮ ಕಡೆ ಕೊಬ್ಬರಿಗೆಂದು ಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಇಡೀ ಕಾಯನ್ನೇ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆತುರಪಟ್ಟು ಅದಕ್ಕೆ ಮೊದಲೇ ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಪ್ರತಿ ವರ್ಷ ಆಗಮನ ಕಾಲದ ಮೊದಲ ಭಾನುವಾರ ನನ್ನ ಹೆಂಡತಿ ಏಣಿ ಹತ್ತಿ, ಒಂದೊಂದೇ ಕಾಯನ್ನು ಕಿವಿಗೆ ಹಿಡಿದು ಕೇಳಿ, ನಾಲ್ಕನ್ನು ಆರಿಸಿ ತರುತ್ತಿದ್ದಳು. ವಾರಕ್ಕೆ ಒಂದು. ಚಿಪ್ಪನ್ನು ಚೂರುಚೂರೇ ಬಿಡಿಸಿ, ಕೊಬ್ಬರಿಗೆ ಒಂದು ಗೀರೂ ತಾಗದಂತೆ ಉಂಡೆಯಾಗಿ ತೆಗೆದು, ಆ ವರ್ಷ ಯಾರ ಜೊತೆ ಅವಳ ಮನಸ್ಸು ಕೆಟ್ಟಿತ್ತೋ ಅವರ ಮನೆಗೆ ತಾನೇ ಹೋಗಿ ಕೊಟ್ಟು ಬರುತ್ತಿದ್ದಳು. ನಾಲ್ಕು ವಾರ, ನಾಲ್ಕು ಮನೆ. ಆಮೇಲೆ ಕ್ರಿಸ್‌ಮಸ್. ಇದನ್ನು ಯಾವ ಫಾದರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಆ ಭಾನುವಾರ ಅವಳು ಜಗಲಿಯ ಮೇಲೆ ಕುಳಿತು ಎರಡನೆಯದನ್ನು ಬಿಡಿಸುತ್ತಿದ್ದಳು. ಮನೆಯ ಒಡತಿ, ನಾವು ಅಜ್ಜಿ ಅಂತಿದ್ದೆವು, ಎಲೆಅಡಿಕೆ ಕುಟ್ಟುತ್ತ ಎದುರಿಗೆ ಕುಳಿತಿದ್ದರು.

“ನಿಮ್ಮ ಯೇಸಪ್ಪಂಗೆ ವರ್ಷವರ್ಷವೂ ನನ್ನ ಅಟ್ಟದ ಕಾಯೇ ಆಗಬೇಕೇನೇ?” ಅಂದರು ಅಜ್ಜಿ.

“ನಿಮ್ಮ ಅಟ್ಟದ್ದೇ ಚೆನ್ನಾಗಿ ಆಡ್ತದೆ ಅಜ್ಜಿ.”

“ಈ ಸಲ ಇದು ಯಾರಿಗೆ?”

“ರೇಷನ್ ಅಂಗಡಿಯವರಿಗೆ.”

“ಅಯ್ಯೋ, ಅವನಿಗೆ ಬರೀ ಚಿಪ್ಪು ಕೊಡು, ಸಾಕು ಬುಡು!”

ಇಬ್ಬರೂ ನಕ್ಕರು. ನಾನು ಒಳಗೆ ಹೊಲಿಗೆ ಮಿಶನ್ ತುಳಿಯುತ್ತಿದ್ದೆ. ನಗಲಿಲ್ಲ. ನಾನು ಅವಳ ಜೊತೆ ಮಾತು ಬಿಟ್ಟು ಆಗ ಮೂರು ದಿನವಾಗಿತ್ತು.

ಕಾರಣ ಒಂದು ಶಾಲು. ಚಳಿಗೆಂದು ನಾನು ಅವಳಿಗೆ ತಂದುಕೊಟ್ಟಿದ್ದ ಕಂದು ಬಣ್ಣದ ಉಣ್ಣೆ ಶಾಲು. ಅದನ್ನು ಅವಳು ಉಪಕೇಂದ್ರದ ಆಯಾಳ ಮಗಳಿಗೆ, ಹಸಿ ಬಾಣಂತಿ ಅಂತ, ಹೊದಿಸಿ ಬಂದಿದ್ದಳು. ಆ ಆಯಾ ಯಾರು? ಆ ವರ್ಷವೇ ನನ್ನ ಹೆಂಡತಿಯ ಮೇಲೆ ಮೇಲಿನವರಿಗೆ ಮೂಗರ್ಜಿ ಬರೆಸಿದ್ದವಳು. ನರ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಔಷಧಿ ಹೊರಗೆ ಕೊಡುತ್ತಾಳೆ ಅಂತ. ವಿಚಾರಣೆ ನಡೆದು ಎಲ್ಲ ಸುಳ್ಳೆಂದು ಆಗಿತ್ತು. ಬರೆಸಿದವಳು ಇವಳೇ ಎಂದು ಊರಿಗೆಲ್ಲ ಗೊತ್ತಿತ್ತು.

ಶಾಲಿನ ಸಿಟ್ಟಿಗಿಂತ ಹಳೆಯದೊಂದು ನನ್ನೊಳಗಿತ್ತು. ಸುತ್ತಿನ ಹಳ್ಳಿಗಳಲ್ಲಿ ಎಲ್ಲರಿಗೂ ಅವಳು ಬೇಕು. ಹೊಲದ ಬದುವಿನಲ್ಲಿ ಹೆಂಗಸರು ಅವಳನ್ನು ನಿಲ್ಲಿಸಿಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು. ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾನು ‘ನರ್ಸಮ್ಮನ ಯಜಮಾನ್ರು.’ ನಮಗೆ ಮಕ್ಕಳಿರಲಿಲ್ಲ. ಅವಳು ಮನೆಗೆ ಬರುವ ಹೊತ್ತಿಗೆ ಅವಳ ಮಾತೆಲ್ಲ ಹೊರಗೇ ಖರ್ಚಾಗಿ ನನ್ನ ಪಾಲಿಗೆ ಆಯಾಸ ಉಳಿದಿರುತ್ತಿತ್ತು. ಒಂದು ವರ್ಷ ನಾನು ಅಂದೂಬಿಟ್ಟಿದ್ದೆ, “ನಿನ್ನ ಹತ್ತಿರ ಜಗಳ ಆಡಿದೋರಿಗೆ ಕೊಬ್ಬರಿ, ಸುಮ್ಮನಿದ್ದೋನಿಗೆ ಮುದ್ದೆ.”

“ನೀವೂ ಒಂದ್ಸಲ ಜಗಳ ಆಡಿ ನೋಡಿ ಮತ್ತೆ,” ಅಂದಿದ್ದಳು ನಗುತ್ತ.

ನನಗೆ ಜಗಳ ಬರುವುದಿಲ್ಲ. ಮಾತು ಬಿಡುವುದು ಬರುತ್ತದೆ.

ಸೋಮವಾರ ಬೆಳಿಗ್ಗೆ ಅವಳು ಬಿಳಿ ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, “ಹೋಗಿಬರ್ತೀನಿ ರೀ” ಅಂದಳು. ನನ್ನ ತುಟಿಗಳ ನಡುವೆ ಗುಂಡುಪಿನ್ನು ಇತ್ತು. ಉತ್ತರ ಕೊಡದಿರಲು ಅಷ್ಟು ನೆಪ ಸಾಕಾಯಿತು.

ಮಧ್ಯಾಹ್ನ ಉಪಕೇಂದ್ರದಲ್ಲಿ ತಲೆನೋವೆಂದು ಕುಸಿದವಳು ಮತ್ತೆ ಏಳಲಿಲ್ಲ. ಯಾರದೋ ಕಾರಿನಲ್ಲಿ ತಿಪಟೂರಿಗೆ ಒಯ್ದರು. ತಲೆಯೊಳಗೆ ರಕ್ತನಾಳ ಒಡೆದಿದೆ, ಯಾರೂ ಏನೂ ಮಾಡುವಂತಿರಲಿಲ್ಲ ಅಂದರು ಡಾಕ್ಟರು. ನಾನು ಆಸ್ಪತ್ರೆ ಮುಟ್ಟುವಾಗ ಬಾಗಿಲಲ್ಲಿ ಆ ಆಯಾ ನಿಂತಿದ್ದಳು. ಅವಳ ಸೀರೆಯ ಮಡಿಲು ಒದ್ದೆಯಾಗಿತ್ತು. ಕುಸಿದಾಗಿನಿಂದ ನನ್ನ ಹೆಂಡತಿಯ ತಲೆ ಇದ್ದದ್ದು ಆ ಮಡಿಲಲ್ಲಿ ಎಂದು ಯಾರೋ ಹೇಳಿದರು.

ಮಣ್ಣಿಗೆ ಬಂದಷ್ಟು ಜನ ಹಬ್ಬಕ್ಕೂ ನಮ್ಮ ಚರ್ಚಿಗೆ ಬಂದದ್ದನ್ನು ನಾನು ಕಂಡಿಲ್ಲ. ಶಿಲುಬೆಯ ಗುರುತು ಹಾಕಲು ಬಾರದವರು ಹೊರಗೆ ಕೈಮುಗಿದು ನಿಂತಿದ್ದರು. ಹೆಂಗಸರು ಒಬ್ಬೊಬ್ಬರೇ ಬಂದು ನನಗೆ ಅವಳ ವಿಷಯ ಹೇಳಿದರು. “ಹೆರಿಗೆ ನೋವು ತಿನ್ನುವಾಗ ಪಕ್ಕದಲ್ಲಿ ಕೂತು ಪದ ಹೇಳೋರು ಕಣ್ರೀ, ಎಷ್ಟು ಸಣ್ಣ ದನಿ!” ಅಂದಳು ಒಬ್ಬಳು. ನನ್ನ ಹೆಂಡತಿ ಹಾಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅವರು ನನಗೆ ಸಮಾಧಾನ ಹೇಳಲು ಬಂದಿದ್ದರು. ನನಗೆ ಮಾತ್ರ ಒಬ್ಬೊಬ್ಬರೂ ನನ್ನ ಮನೆಯ ಒಂದೊಂದು ಸಾಮಾನು ಎತ್ತಿಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು.

ಕೊನೆಗೆ ಆಯಾ ಬಂದಳು. “ಅಣ್ಣಾ, ಅಕ್ಕ ಒಂದು ಮಾತು...” ಅಂದಳು. ನಾನು ಬೆನ್ನು ತಿರುಗಿಸಿ ಫಾದರ್ ಕಡೆಗೆ ನಡೆದೆ.

ಮನೆಯಲ್ಲಿ ಮಂಚದ ಕೆಳಗಿನ ಬುಟ್ಟಿಯಲ್ಲಿ ಎರಡು ಕಾಯಿ ಉಳಿದಿದ್ದವು. ಮೂರನೆಯದು, ನಾಲ್ಕನೆಯದು. ಅವನ್ನು ನೋಡಿದ ಕ್ಷಣ ನನ್ನ ತಲೆಗೆ ಹೊಕ್ಕದ್ದು ಒಂದೇ ಯೋಚನೆ: ಇದರಲ್ಲಿ ಒಂದು ನನಗೆ ಇರಬೇಕು. ಮೂರು ದಿನ ಮಾತು ಬಿಟ್ಟಿದ್ದೆನಲ್ಲ. ಅವಳ ಮನಸ್ಸು ನನ್ನ ಮೇಲೂ ಕೆಟ್ಟಿರಲೇಬೇಕು. ಹಾಗಿದ್ದರೆ ಅದನ್ನು ಸರಿಮಾಡಿಕೊಳ್ಳುವ ಯೋಚನೆಯೂ ಇದ್ದಿರಲೇಬೇಕು. ಇದನ್ನು ಬಲ್ಲವರು ಅಜ್ಜಿ ಒಬ್ಬರೇ. ನನಗೆ ಹೇಳದ್ದನ್ನು ಅವರಿಗೆ ಹೇಳಿದ್ದಳಲ್ಲ ಎಂದು ಅವರನ್ನು ಕೇಳಲೂ ಹೊಟ್ಟೆಕಿಚ್ಚು. ನಾಲ್ಕು ದಿನ ತಡೆದು, ಕೇಳಿದೆ.

ಅಜ್ಜಿ ಸುಳ್ಳು ಹೇಳುವವರಲ್ಲ. “ಒಂದು ಆ ಬಸ್ಸಿನ ಕಂಡಕ್ಟ್ರಿಗೆ. ಕೊನೇದು ಆಯಾಗೆ ಕಣಪ್ಪ. ‘ಶಾಲು ಕೊಟ್ಟಿದ್ದು ಮಗಳಿಗೆ ಅಜ್ಜಿ, ಅವಳವ್ವನ ಮೇಲಿನ ಸಿಟ್ಟು ನನಗಿನ್ನೂ ಬಿಟ್ಟಿಲ್ಲ, ಅದಕ್ಕೇ ಅವಳದ್ದು ಕೊನೇಲಿ’ ಅಂದ್ಲು.”

“ನನ್ನ ವಿಷಯ?”

“ನಿನ್ನ ಮೇಲೇನು ಕೋಪ ಅವ್ಳಿಗೆ? ನಾ ಕಾಣೆ.”

ಬೇರೆಯವರಿಗೆ ಈ ಮಾತು ಸಂತೋಷ ಕೊಡುತ್ತಿತ್ತೇನೋ. ನನಗೆ ನಾನು ಅವಳ ಲೆಕ್ಕಕ್ಕೇ ಇರಲಿಲ್ಲವೇನೋ ಅನ್ನಿಸಿತು.

ಮೂರನೆಯ ಕಾಯನ್ನು ನಾನೇ ಬಿಡಿಸಿದೆ. ಮಚ್ಚು ಜಾರಿ ಉಂಡೆಯ ಮೇಲೆ ಒಂದು ಗಾಯವಾಯಿತು. ಹಾಗೇ ತೆಗೆದುಕೊಂಡು ಕ್ರಾಸಿಗೆ ಹೋಗಿ ಕಂಡಕ್ಟರಿಗೆ ಕೊಟ್ಟೆ. ಆ ವರ್ಷವೇ ಒಂದು ದಿನ ಅವನು ಬಸ್ಸು ನಿಲ್ಲಿಸದೆ ಹೋಗಿ, ಅವಳು ಒಂದು ಹೆರಿಗೆಗೆ ತಡವಾಗಿ ಮುಟ್ಟಿದ್ದಳು. ಅವನು ಕೊಬ್ಬರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಮಾರನೇ ದಿನ ಬಸ್ಸಿನ ಮುಂದೆ ಅಡ್ಡ ನಿಂತು ಏನು ಬೈದ್ರು ಅಂತೀರಾ ಅಮ್ಮೋರು! ‘ನಿನ್ನ ಹೆಂಡ್ತಿ ಹೆರೋವಾಗ್ಲೂ ಹಿಂಗೇ ಟಾಪ್ ಗೇರಲ್ಲಿ ಹೋಯ್ತೀಯೇನಪ್ಪ’ ಅಂದ್ರು. ಇಡೀ ಬಸ್ಸು ನಕ್ಕುಬುಡ್ತು. ಆಮೇಲೆ ಒಂದು ದಿನವೂ ಅವರನ್ನ ಬಿಟ್ಟು ಹೋಗಿಲ್ಲ ಸಾ.” ಅಷ್ಟು ಹೇಳಿ ಅವನು ಟಿಕೆಟ್ ಚೀಲದಿಂದ ಮುಖ ಒರೆಸಿಕೊಂಡ.

ನಾನು ಮನೆಗೆ ನಡೆದು ಬರುತ್ತ ಆ ಬೈಗುಳಕ್ಕೂ ಹೊಟ್ಟೆ ಉರಿದುಕೊಂಡೆ. ನನಗೆ ಅವಳು ಒಂದು ಸಲವೂ ಹಾಗೆ ಬೈದಿರಲಿಲ್ಲ.

ನಾಲ್ಕನೆಯದನ್ನು ಕೊಡಲಿಲ್ಲ. ಮಿಶನ್ನಿನ ಪಕ್ಕದ ಗೋಡೆಯ ಗೂಡಿನಲ್ಲಿ, ದಾರದ ಉಂಡೆಗಳ ಹಿಂದೆ ಇಟ್ಟೆ. ಮೂಗರ್ಜಿ ಬರೆಸಿದವಳಿಗೆ ಶಾಲು ಸಿಕ್ಕಿತು, ನನ್ನ ಹೆಂಡತಿಯ ಕೊನೆಯ ಗಳಿಗೆ ಸಿಕ್ಕಿತು, ಇದೂ ಬೇರೆ ಸಿಗಬೇಕೇ? ತಿಂಗಳು ಕಳೆದ ಮೇಲೆ ಆಯಾ ಮನೆಗೇ ಬಂದಳು. ಬಾಗಿಲಲ್ಲಿ ನಿಂತು ಮತ್ತೆ ಅದೇ ಮಾತು: “ಅಣ್ಣಾ, ಅಕ್ಕ ಅವತ್ತು ನಿಮಗೆ ಹೇಳು ಅಂತ ಒಂದು ಮಾತು ಹೇಳಿದ್ರು. ಹೇಳಿ ಹೋಗ್ತೀನಿ.”

“ಬಟ್ಟೆ ಹೊಲಿಸೋದಿದ್ರೆ ಕೊಡು. ಇಲ್ಲದಿದ್ರೆ ಹೊರಡು,” ಅಂದೆ.

ತಿರುಗಿ ಹೋದಳು. ಆ ಮಾತು ನನಗೆ ಬೇಡವಾಗಿತ್ತೆಂದಲ್ಲ. ಅದು ಅವಳ ಬಾಯಿಂದ ಬರುವುದು ಬೇಡವಾಗಿತ್ತು. ಆ ಮಾತು ನನ್ನದು. ನನ್ನದು ಅವಳ ಹತ್ತಿರ ಇದೆಯಲ್ಲ ಎಂಬುದನ್ನು ನನಗೆ ತಾಳಲಾಗುತ್ತಿರಲಿಲ್ಲ.

ಒಂದು ವರ್ಷ ಕಳೆಯಿತು. ಮತ್ತೆ ಆಗಮನ ಕಾಲದ ಮೊದಲ ಭಾನುವಾರ ಬಂತು. ಪೀಠದ ಪಕ್ಕ ನಾಲ್ಕು ಮೇಣದಬತ್ತಿಗಳಲ್ಲಿ ಒಂದನ್ನು ಹಚ್ಚಿದರು. ಬರುವವನಿಗೆ ದಾರಿ ಹಸನು ಮಾಡಿ ಎಂದು ಫಾದರ್ ಪ್ರಸಂಗ ಮಾಡಿದರು. ಪ್ರತಿ ವರ್ಷ ಅದೇ ಪ್ರಸಂಗ. ಪೂಜೆಯ ನಂತರ ಪಾಪನಿವೇದನೆಗೆ ಮೊಣಕಾಲೂರಿದಾಗ ಹೊಟ್ಟೆಕಿಚ್ಚಿನ ಪಾಪ ಮಾಡಿದ್ದೇನೆ ಅಂದೆ.

“ಯಾರ ಮೇಲೆ?” ಅಂದರು ಫಾದರ್.

“ನನ್ನ ಹೆಂಡತಿಗೆ ಬೇಕಾಗಿದ್ದವರ ಮೇಲೆ. ಅವಳಿಗೆ ಬೇಡವಾಗಿದ್ದವರ ಮೇಲೂ.” ಕಾಯಿಯ ವಿಷಯವನ್ನೆಲ್ಲ ಹೇಳಿದೆ.

“ಈಗೆಲ್ಲಿದೆ ಆ ಕಾಯಿ?”

“ಗೂಡಿನಲ್ಲಿ.”

“ಅದು ಗೂಡಿನಲ್ಲಿರೋವರೆಗೆ ನೀನು ಹಚ್ಚೋ ಮೇಣದಬತ್ತಿ ಬರೀ ಮೇಣದಬತ್ತಿ ಕಣಪ್ಪ. ಹೋಗು.”

ಮನೆಗೆ ಬಂದವನೇ ಮೊದಲ ಸಲ ನಾನೇ ಅಟ್ಟ ಹತ್ತಿದೆ. ಕಾಯಿಗಳ ನಡುವೆ ಕುಳಿತು ಒಂದೊಂದನ್ನೇ ಕಿವಿಗೆ ಹಿಡಿದೆ. ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ತಿಳಿಯಲು ಒಳಗಿನ ಸದ್ದನ್ನಷ್ಟೇ ಕೇಳಬೇಕು, ಬೇರೇನನ್ನೂ ಯೋಚಿಸಬಾರದು. ಅವಳು ಅಷ್ಟು ಹೊತ್ತು ಅಲ್ಲಿ ಯಾಕೆ ಕೂರುತ್ತಿದ್ದಳೆಂದು ಆಗ ಸ್ವಲ್ಪ ಅರ್ಥವಾಯಿತು. ಒಂದನ್ನು ತಂದು, ಬಿಡಿಸಿ, ಅಜ್ಜಿಯ ಮುಂದೆ ಇಟ್ಟೆ.

“ಇದೇನೋ ಇದು?”

“ನಿಮ್ಮ ಮೇಲೆ ಒಂದು ವರ್ಷದಿಂದ ನನಗೆ ಹೊಟ್ಟೆಕಿಚ್ಚು ಅಜ್ಜಿ. ಅವಳು ಎಲ್ಲಾನೂ ನಿಮಗೇ ಹೇಳ್ತಿದ್ಲು ಅಂತ.”

“ಅಯ್ಯೋ ಮುಂಡೇದೇ! ನನ್ನ ಅಟ್ಟದ ಕಾಯಿ ನನಗೇ ಕೊಡ್ತೀಯಲ್ಲೋ!” ಅಜ್ಜಿ ನಕ್ಕು ನಕ್ಕು ಕೆಮ್ಮು ಬಂದು, ಆಮೇಲೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. “ಆಯಾದ್ದು ಕೊಟ್ಟೆಯಾ?”

“ಇವತ್ತು ಕೊಡ್ತೀನಿ.”

ಗೂಡಿನಿಂದ ಕಾಯಿ ತೆಗೆದು ಅಲ್ಲಾಡಿಸಿದೆ. ಉಂಡೆ ಇನ್ನೂ ಆಡುತ್ತಿತ್ತು. ಚಿಪ್ಪು ಬಿಡಿಸದೆ ಹಾಗೇ ಚೀಲಕ್ಕೆ ಹಾಕಿಕೊಂಡು ಮೂರು ಮೈಲಿ ನಡೆದೆ. ಉಪಕೇಂದ್ರದ ಪಕ್ಕದ ಆಯಾಳ ಮನೆಯಲ್ಲಿ ಬೇರೆಯವರಿದ್ದರು. ಅವಳದ್ದು ದಿನಗೂಲಿ ಕೆಲಸ, ಯುಗಾದಿಯ ಹೊತ್ತಿಗೇ ಬಿಟ್ಟುಬಿಟ್ಟಳು ಅಂದರು. ಮಗಳ ಮನೆ ಚಿಕ್ಕನಾಯಕನಹಳ್ಳಿ ಕಡೆ ಅಂದರು. ಮಾರನೆಯ ವಾರ ಅಲ್ಲಿಗೂ ಹೋದೆ. ಬೀದಿ ಬೀದಿ ಕೇಳಿದ ಮೇಲೆ ಒಂದು ನಾರಿನ ಹಗ್ಗದ ಶೆಡ್ಡಿನವರು ಗುರುತು ಹೇಳಿದರು. ಅಳಿಯ ಅಲ್ಲಿ ಕೆಲಸಕ್ಕಿದ್ದ, ಎಲ್ಲರೂ ಸೇರಿ ಊರು ಬಿಟ್ಟು ನಾಲ್ಕು ತಿಂಗಳಾಯಿತು, ಎಲ್ಲಿಗೋ ಗೊತ್ತಿಲ್ಲ ಅಂದರು. “ಮಗೂನ ಒಂದು ಕಂದು ಶಾಲಲ್ಲಿ ಸುತ್ಕೊಂಡು ಕೂತಿರೋಳಲ್ಲ, ಆ ಅಜ್ಜೀನೇ ತಾನೇ?” ಅಂದ ಒಬ್ಬ. ಹೌದು ಅಂದೆ. ಆ ಶಾಲನ್ನು ನೆನೆದರೆ ಅಂದು ಹೊಟ್ಟೆ ಉರಿಯಲಿಲ್ಲ.

ಆಮೇಲೆ ಪ್ರತಿ ವರ್ಷವೂ ಅಟ್ಟ ಹತ್ತಿದ್ದೇನೆ. ಪ್ರತಿ ವರ್ಷವೂ ನಾಲ್ಕು ಮನೆಗೆ ಹೋಗಿದ್ದೇನೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಈಗಲೂ ಯಾರಾದರೂ “ನರ್ಸಮ್ಮ ನಮಗೆ ಹೀಗೆ ಹೇಳಿದ್ದರು” ಎಂದು ಶುರುಮಾಡಿದರೆ ಎದೆಯಲ್ಲಿ ಏನೋ ಚುಚ್ಚುತ್ತದೆ. ಆದರೆ ಎದ್ದು ಹೋಗುವುದಿಲ್ಲ. ಕೊನೆಯವರೆಗೂ ಕೇಳುತ್ತೇನೆ.

ಆ ನಾಲ್ಕನೆಯ ಕಾಯಿ ಗೂಡಿನಲ್ಲೇ ಇದೆ, ಈಗ ದಾರದ ಉಂಡೆಗಳ ಮುಂದೆ. ಆಯಾ ನನಗೆ ಸಿಗಲಿಲ್ಲ. ನನ್ನ ಹೆಂಡತಿ ಕೊನೆಯದಾಗಿ ನನಗೆ ಏನು ಹೇಳಿದಳೆಂದು ನನಗೆ ಇನ್ನೂ ಗೊತ್ತಿಲ್ಲ.